ಮುಳ್ಳುಹಂದಿ ಲಾಡ್ಜಿನ ಹಳೇ ಗಿರಾಕಿ

ಚರ್ಚು, ಸಾವಿನ ಮನೆ, ಶನಿವಾರದ ಸಂತೆ. ಈ ಮೂರು ಬಿಟ್ಟು ಮಾಝೋಂಡಿ ನಾಲ್ಕನೇ ಜಾಗಕ್ಕೆ ಹೋದದ್ದನ್ನು ಎಡೆಂಡೇಲ್ ಊರಿನಲ್ಲಿ ಯಾರೂ ಕಂಡವರಿಲ್ಲ. ಅಂಥ ಅರವತ್ತೆಂಟರ ಹೆಂಗಸು ಜೂನ್ ತಿಂಗಳ ಒಂದು ಭಾನುವಾರ, ಎಲ್ಲರೂ ಊಟಕ್ಕೆ ಕೂತಿರುವಾಗ, ಕೋಳಿಯ ಕಾಲು ಕಚ್ಚುತ್ತಲೇ, "ಈ ಸಲ ರಜೆಗೆ ಎಲ್ಲರೂ ಬೆಟ್ಟಕ್ಕೆ ಹೋಗೋಣ. ಒಂದು ಲಾಡ್ಜು ನೋಡಿ. ಬಿಸಿನೀರಿನ ತೊಟ್ಟಿ ಇರಬೇಕು," ಅಂದುಬಿಟ್ಟರು.

ಮಗ ಫಲಾಖೆಯ ಕೈಯಲ್ಲಿದ್ದ ಮೆಕ್ಕೆಜೋಳದ ಉದುರುಹಿಟ್ಟು ಫುಥುವಿನ ತುತ್ತು ಪುಡಿಪುಡಿಯಾಗಿ ತಟ್ಟೆಗೇ ಉದುರಿತು. ಮಗಳು ಲಿಂದಿ ಖುಷಿಯಿಂದ ಕಿರುಚಿಕೊಂಡಳು. ಹತ್ತು ವರ್ಷದ ಮೊಮ್ಮಗಳು ಗುಗು, "ಗೊಗೊ, ನಿಮ್ಮ ಹತ್ರ ಈಜೋ ಬಟ್ಟೆ ಇದೆಯಾ?" ಅಂತ ಕೇಳಿದಳು.

"ನಾನು ಹುಟ್ಟಿದಾಗ ಹಾಕಿದ್ದೇ ಇದೆ," ಅಂದರು ಅಜ್ಜಿ.

ಸೊಸೆ ನೊಮುಸಾ ಮಾತ್ರ ನಗಲಿಲ್ಲ. ಅವಳು ಹನ್ನೊಂದು ವರ್ಷದಿಂದ ಮಾರಿಟ್ಸ್‌ಬರ್ಗಿನ ಲೈಸೆನ್ಸ್ ಕಚೇರಿಯ ಕೌಂಟರಿನಲ್ಲಿ ಕೂತವಳು. ಕಣ್ಣು ಪರೀಕ್ಷೆಯ ಸುಳ್ಳು ಚೀಟಿ, ಅಣ್ಣನ ಹೆಸರಲ್ಲಿ ಬಂದ ತಮ್ಮ, ಹೋದ ವರ್ಷವೇ ಸತ್ತವನ ಗುರುತಿನ ಚೀಟಿ, ಎಲ್ಲವನ್ನೂ ನೋಡಿ ನೋಡಿ ಅವಳಿಗೆ ಒಂದು ಚಟ ಅಂಟಿಕೊಂಡಿತ್ತು. ಯಾರೇ ಏನೇ ಹೇಳಲಿ, ಮೊದಲು ಹೇಳಿದವರ ಮುಖ ನೋಡುವುದು, ಆಮೇಲೆ ಕಾಗದ. ಅತ್ತೆಯ ಮುಖ ನೋಡಿದಳು. ಬಾಯಿ ತಮಾಷೆ ಮಾಡುತ್ತಿತ್ತು, ಕಣ್ಣು ನೆಟ್ಟಗೆ ಮಗನ ಮೇಲಿತ್ತು.

"ದುಡ್ಡು?" ಅಂದ ಫಲಾಖೆ.

"ನಮ್ಮ ಹೆಂಗಸರ ಚೀಟಿ ಸಂಘದಲ್ಲಿ ಈ ತಿಂಗಳು ನನ್ನ ಸರದಿ. ನಿನ್ನ ಜೇಬಿಗೆ ಕೈ ಹಾಕಿದ್ನಾ?"

"ಅದು ಡಿಸೆಂಬರಿಗೆ ದಿನಸಿ ತರೋ ದುಡ್ಡು, ಮಾ."

"ಡಿಸೆಂಬರಲ್ಲಿ ಉಪವಾಸ ಇರೋಣ. ನಿನ್ನ ಹೊಟ್ಟೆ ನೋಡಿದ್ರೆ ಯಾರೂ ಅಯ್ಯೋ ಅನ್ನಲ್ಲ."

ಅಲ್ಲಿಗೆ ಊಟ ಮುಗಿಯಿತು. ತಟ್ಟೆ ತೊಳೆಯುತ್ತ ನೊಮುಸಾ ಲೆಕ್ಕ ಹಾಕಿದಳು. ಮಾವ ಬಾಬಾ ಶೆಲೆಂಬೆ ಹೋಗಿ ಈ ಜುಲೈಗೆ ಐದು ವರ್ಷ. ಹೆಡ್‌ಮಾಸ್ಟರ್ ಆಗಿದ್ದವರು, ಚರ್ಚಿನ ಗಂಡಸರ ಸಂಘಕ್ಕೆ ಹಿರಿಯರು. ಸಂಘದ ಸಮಾವೇಶ ಅಂತ ಹೊರಟವರಿಗೆ ದಾರಿಯಲ್ಲೇ ಎದೆನೋವು ಬಂದು, ಆ ಬೆಟ್ಟದ ಬುಡದ ಊರಿನ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದ್ದರು. ಅವತ್ತಿಂದ ಅತ್ತೆ ಬೆಟ್ಟದ ಹೆಸರು ಎತ್ತಿದರೆ ಮುಖ ತಿರುಗಿಸುತ್ತಿದ್ದರು. ಈಗ ಇದ್ದಕ್ಕಿದ್ದಂತೆ ಬೆಟ್ಟ, ಲಾಡ್ಜು, ಮೇಲಿಂದ ಬಿಸಿನೀರು! ಮನೆಯಲ್ಲಿ ಸ್ನಾನಕ್ಕೆ ಎರಡನೇ ಬಕೆಟ್ ತುಂಬಿದರೆ ನಲ್ಲಿ ತಿರುಗಿಸಿ ಬಂದ್ ಮಾಡುವ ಹೆಂಗಸು ಇದು. ಕಾಯಿಲೆಯೇನಾದರೂ ಇದೆಯಾ? ಯಾರಾದರೂ ತಲೆ ಕೆಡಿಸಿದರಾ?

ಬುಧವಾರ ಸಂಜೆ ಅಡುಗೆಮನೆಯ ಮೇಜಿನ ಮೇಲೆ ನೊಮುಸಾಳ ಫೋನಿಟ್ಟುಕೊಂಡು ಎಲ್ಲರೂ ಲಾಡ್ಜು ಹುಡುಕಲು ಕೂತರು. ಒಲೆಯ ಮೇಲೆ ಹುರುಳಿಕಾಳು ಬೇಯುತ್ತಿತ್ತು, ಕಿಟಕಿ ತುಂಬ ಹಬೆ.

"ಇದು, ಇದು! ನೀರೊಳಗೆ ನೇರಳೆ ದೀಪ ಹತ್ತತ್ತೆ ನೋಡಿ," ಅಂದಳು ಲಿಂದಿ. ಮೂವತ್ತೊಂದಾದರೂ ಮದುವೆಯಾಗದವಳು; ತೊಟ್ಟಿಯಲ್ಲಿ ಕೂತ ಫೋಟೋ ಹಾಕಿದರೆ ಒಬ್ಬಿಬ್ಬರಾದರೂ ಹೊಟ್ಟೆ ಉರಿದುಕೊಳ್ಳುತ್ತಾರೆ ಅನ್ನುವುದು ಅವಳ ಆಸೆ.

"ನೇರಳೆ ದೀಪ ಬಾರಲ್ಲಿ ಇರತ್ತೆ," ಅಂದರು ಮಾಝೋಂಡಿ.

"ದಕ್ಷಿಣದ ಕಡೆ ಒಂದಿದೆ," ಅಂದ ಫಲಾಖೆ. "ಕಲ್ಲಿನ ಮನೆ. ಸೌದೆ ಒಲೆ. ಸೊಗಸಾಗಿದೆ."

"ತೊಟ್ಟಿ?"

"ತೊಟ್ಟಿ ಇಲ್ಲ, ಮಾ. ಬಕೆಟ್ ಇದೆ."

"ಬಕೆಟ್ ನಮ್ಮ ಮನೇಲೂ ಇದೆ. ಮಕೋಟಿ, ಅದರಲ್ಲಿ ಮುಳ್ಳುಹಂದಿ ಲಾಡ್ಜ್ ಅಂತ ಹೊಡಿ."

ಮಕೋಟಿ ಅಂದರೆ ಸೊಸೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ಅತ್ತೆಯ ಬಾಯಲ್ಲಿ ಅದೇ ಹೆಸರು. ನೊಮುಸಾ ಹೊಡೆದಳು. ಬಂತು. ಬೂದು ಬಂಡೆಗಳ ಕೆಳಗೆ ಹುಲ್ಲು ಹೊದಿಸಿದ ಮನೆ, ಹಾಸಿಗೆ, ದಿಂಬು, ಹೂಜಿ, ಮರದ ತೊಟ್ಟಿಯಿಂದ ಏಳುವ ಹಬೆ.

"ಈ ಹೆಸರು ನಿಮಗೆ ಯಾರು ಹೇಳಿದ್ರು ಮಾ?"

"ಚರ್ಚಲ್ಲಿ ಯಾರೋ."

"ಅದು ಬೇಡ," ಅಂದ ಫಲಾಖೆ. ಎದ್ದು ಹೋಗಿ ಕಾಳಿನ ಪಾತ್ರೆಯ ಮುಚ್ಚಳ ತೆಗೆದ. ಹನ್ನೆರಡು ವರ್ಷದಲ್ಲಿ ಅವನು ಯಾವ ಪಾತ್ರೆಯ ಮುಚ್ಚಳವನ್ನೂ ತೆಗೆದು ನೋಡಿದವನಲ್ಲ.

"ಯಾಕೆ ಬೇಡ?"

"ತೊಟ್ಟಿ ಮನೆ ಹಿಂದುಗಡೆ ಇರೋದು. ಮರದ ಮೆಟ್ಟಿಲು ಇಳಿದು ಹೋಗ್ಬೇಕು, ಪಾಚಿ ಕಟ್ಟಿರತ್ತೆ. ಮಾ ಜಾರಿ ಬಿದ್ರೆ ಯಾರು ಜವಾಬ್ದಾರಿ?"

ನೊಮುಸಾ ಫೋಟೋಗಳನ್ನು ಒಂದೊಂದಾಗಿ ಸರಿಸಿದಳು. ಒಟ್ಟು ಹದಿನಾಲ್ಕು. ಮತ್ತೆ ಮೊದಲಿಂದ ಸರಿಸಿದಳು. ಎಲ್ಲೂ ಮೆಟ್ಟಿಲಿಲ್ಲ, ಪಾಚಿಯಿಲ್ಲ. ತೊಟ್ಟಿ ಹಿಂದಿದೆಯೋ ಮುಂದಿದೆಯೋ ದೇವರಿಗೇ ಗೊತ್ತಾಗಬೇಕು.

"ಮೆಟ್ಟಿಲು ಯಾವ ಫೋಟೋದಲ್ಲಿ ನೋಡಿದೆ ನೀನು?"

"ಬೆಟ್ಟದಲ್ಲಿ ಎಲ್ಲಾ ಕಡೆ ಹಂಗೇ ಇರತ್ತೆ," ಅಂದು ಅವನು ಹೊರಗೆ ಹೋದ. ಗಾಡಿಯ ಟೈರಿಗೆ ಗಾಳಿ ಇದೆಯೇ ಅಂತ ಒದ್ದು ನೋಡುವ ಸದ್ದು ಕೇಳಿತು. ಮಾಝೋಂಡಿ ಉಪ್ಪಿನ ಡಬ್ಬಿಯನ್ನು ಸೊಸೆಯ ಕಡೆ ತಳ್ಳಿ, "ಕಾಳಿಗೆ ಉಪ್ಪು ಹಾಕು," ಅಂದರು, ಅಷ್ಟೇ.

ಮಾರನೇ ದಿನ ಊಟದ ಬಿಡುವಿನಲ್ಲಿ ನೊಮುಸಾ ಕಚೇರಿಯ ಹಿಂದಿನ ಮೆಟ್ಟಿಲ ಮೇಲೆ ಕೂತು, ಬ್ರೆಡ್ಡಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಲಾಡ್ಜಿಗೆ ಫೋನ್ ಮಾಡಿದಳು. ಒಬ್ಬ ಹುಡುಗಿ ತುಂಬ ಸಿಹಿಯಾಗಿ ಮಾತಾಡಿದಳು.

"ಯಾವ ಹೆಸರಲ್ಲಿ ಬರ್ಕೊಳ್ಲಿ?"

"ಶೆಲೆಂಬೆ. ಎಡೆಂಡೇಲ್."

ಟಕಟಕ ಸದ್ದು. "ಓ, ನೀವು ಹಳೇ ಗಿರಾಕಿ! ಮಿಸ್ಟರ್ ಮತ್ತು ಮಿಸೆಸ್ ಶೆಲೆಂಬೆ. ಇದೇ ವಿಳಾಸ ಇದೆ, ಅಂಚೆ ಪೆಟ್ಟಿಗೆ ನಂಬರೂ ಇದೆ. ಹಳೇ ಗಿರಾಕಿಗಳಿಗೆ ಹತ್ತು ಪರ್ಸೆಂಟ್ ಕಡಿಮೆ ಮಾಡ್ತೀವಿ."

ನೊಮುಸಾ ಬ್ರೆಡ್ಡಿನ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟಳು.

"ಎಷ್ಟು ಸಲ ಬಂದಿದ್ದೀವಿ ನಾವು?" ಅಂದಳು, ಧ್ವನಿ ಆದಷ್ಟು ಹಗುರ ಮಾಡಿ.

"ಅದೆಲ್ಲಾ ಇದರಲ್ಲಿ ತೋರಿಸಲ್ಲ ಮೇಡಂ, ನಾನು ಹೊಸಬಳು. ಮಿಸೆಸ್ ಶೆಲೆಂಬೆ ನೀವೇ ತಾನೆ?"

"ಹೌದು," ಅಂದಳು ನೊಮುಸಾ. "ನಾನೇ. ಜುಲೈ ಎರಡನೇ ಶುಕ್ರವಾರದಿಂದ ಬರ್ಕೊಳಮ್ಮ. ಮೂರು ದಿನ."

ಮಧ್ಯಾಹ್ನವೆಲ್ಲ ಅವಳ ಮುಂದೆ ಬಂದ ಜನಕ್ಕೆ ಗ್ರಹಚಾರ. ಒಬ್ಬನ ಫೋಟೋ ಸ್ವಲ್ಪ ಮಸುಕಾಗಿತ್ತು ಅಂತ ಎರಡು ಸಲ ವಾಪಸ್ ಕಳಿಸಿದಳು. ಮಿಸೆಸ್ ಶೆಲೆಂಬೆಯಂತೆ! ಯಾವಳೋ ಅವಳ ಹೆಸರು ಹಾಕಿಕೊಂಡು, ಅವಳ ಗಂಡನ ಜೊತೆ ಬಿಸಿನೀರಲ್ಲಿ ಕೂತು ಎದ್ದುಹೋಗಿದ್ದಾಳೆ. ಪಾಚಿ ಕಟ್ಟಿದ ಮೆಟ್ಟಿಲನ್ನು ಕೈಕೈ ಹಿಡಿದು ಇಳಿದಿದ್ದಾರೆ. ಇಲ್ಲಿ ತಾನು ಅವನ ಅಮ್ಮನ ಬಟ್ಟೆ ಒಗೆದು, ಅವನ ತಂಗಿಯ ತಲೆನೋವು ಕೇಳಿ, ಭಾನುವಾರ ಭಾನುವಾರ ಕರುಳು ತೊಳೆದು ಬೇಯಿಸುತ್ತಿದ್ದೇನೆ.

ಅವತ್ತೇ ಡರ್ಬನ್ನಿನಲ್ಲಿರುವ ಅಕ್ಕನಿಗೆ ಹೇಳಿದಳು. ಅಕ್ಕ ಹೆಚ್ಚು ಕೇಳಲಿಲ್ಲ. "ಹಿಂದಿನ ರೂಮು ಖಾಲಿ ಇದೆ. ಗುಗುಗೆ ಇಲ್ಲೇ ಸ್ಕೂಲು ನೋಡೋಣ. ಆದ್ರೆ ಪೂರ್ತಿ ಗೊತ್ತಾಗೋ ತನಕ ಬಾಯಿ ಬಿಡ್ಬೇಡ," ಅಂದಳು. ನೊಮುಸಾ ಹಾಗೇ ತೀರ್ಮಾನ ಮಾಡಿದಳು. ಅದೇ ಲಾಡ್ಜಿಗೆ ಅವನನ್ನು ಕರೆದುಕೊಂಡು ಹೋಗುವುದು, ಅದೇ ತೊಟ್ಟಿಯ ಮುಂದೆ ನಿಲ್ಲಿಸಿ ಕೇಳುವುದು. ನಿಜವಾದರೆ ಗುಗುವನ್ನು ಕರೆದುಕೊಂಡು ಡರ್ಬನ್. ಹನ್ನೆರಡು ವರ್ಷದ ಸಂಸಾರ ಅಲ್ಲಿಗೆ ಮುಗೀತು.

ಎರಡು ವಾರ ಮನೆಯಲ್ಲಿ ಯಾರ ಮಾತೂ ನೆಟ್ಟಗಿರಲಿಲ್ಲ. ನೊಮುಸಾ ಗಂಡನ ಅಂಗಿಯ ಜೇಬು ತಡಕಿದಳು. ಪೆಟ್ರೋಲ್ ಚೀಟಿ, ಹಲ್ಲುಕಡ್ಡಿ ಸಿಕ್ಕವು. ಫೋನ್ ನೋಡಿದಳು, ಫುಟ್‌ಬಾಲ್. ಏನೂ ಸಿಗದಿದ್ದದ್ದೇ ಅವಳಿಗೆ ಇನ್ನಷ್ಟು ಅನುಮಾನ ತಂದಿತು. ಇಷ್ಟು ಶುದ್ಧ ಜೇಬು ಯಾವ ಗಂಡಸಿಗಿರುತ್ತೆ?

ಒಂದು ಸಂಜೆ ಫಲಾಖೆ ಚಪ್ಪಲಿ ಬಿಡುತ್ತಲೇ ಹೇಳಿದ, "ಆ ಮುಳ್ಳುಹಂದಿಗೆ ನಾನೇ ಫೋನ್ ಮಾಡಿದ್ದೆ. ಜುಲೈ ಪೂರ್ತಿ ತುಂಬಿಹೋಗಿದೆಯಂತೆ."

"ಹೌದಾ?" ಅಂದಳು ನೊಮುಸಾ, ಎಲೆಕೋಸು ಹೆಚ್ಚುತ್ತ. "ಹಾಗಾದ್ರೆ ನಮ್ಮಿಂದಲೇ ತುಂಬಿರ್ಬೇಕು. ನಾನು ಹೋದ ಗುರುವಾರವೇ ಹಿಡಿದಿದ್ದೀನಿ."

ಅವನ ಮುಖ ಇಳಿಯಿತು. "ನನ್ನನ್ನ ಕೇಳದೆ?"

"ಮಾ ಕೇಳಿದ್ರು. ನಿನಗೆ ಫೋನಲ್ಲಿ ತುಂಬಿದೆ ಅಂದೋರು ಯಾರು? ಗಂಡಸಾ, ಹೆಂಗಸಾ?"

"ಹೆಂ... ಗಂಡಸು."

"ಸರಿ," ಅಂದಳು. ಕೋಸು ಎಷ್ಟು ಸಣ್ಣಗೆ ಹೆಚ್ಚಿದಳೆಂದರೆ ಅವತ್ತು ಪಲ್ಯ ಹೋಗಿ ಗೊಜ್ಜಾಯಿತು.

ಅತ್ತೆಯ ಮೇಲೂ ಅವಳಿಗೆ ನಂಬಿಕೆ ಉಳಿದಿರಲಿಲ್ಲ. ಇವರಿಗೆ ಎಲ್ಲ ಗೊತ್ತು, ಮಗನನ್ನು ಬಚಾವು ಮಾಡಲು ಏನೋ ಹೂಡಿದ್ದಾರೆ ಅನ್ನಿಸುತ್ತಿತ್ತು. ಒಂದು ಬೆಳಗ್ಗೆ ಬಟ್ಟೆ ಹಿಂಡುವಾಗ ಕೇಳಿಯೇಬಿಟ್ಟಳು.

"ಮಾ, ನಿಜ ಹೇಳಿ. ನಿಮಗೆ ಆ ತೊಟ್ಟಿ ಯಾಕೆ?"

"ಯಾಕೆ, ಮುದುಕಿ ಬಿಸಿನೀರು ಕಾಣಬಾರದಾ?"

"ನಾನು ಭುಜ ಬಿಟ್ಕೊಂಡು ನಿಮ್ಮೆದುರು ನೀರಿಗಿಳಿದ್ರೆ ಸುಮ್ಮನಿರ್ತೀರಾ ನೀವು? ಹೋದ ಡಿಸೆಂಬರಲ್ಲಿ ತಲೆವಸ್ತ್ರ ಜಾರಿದ್ದಕ್ಕೆ ಚರ್ಚ್ ತನಕ ಬೈದ್ರಲ್ಲ?"

ಮಾಝೋಂಡಿ ಲಂಗವನ್ನು ಜಾಡಿಸಿ ತಂತಿಗೆ ಹಾಕಿದರು. "ನೀನು ಇಳೀಬೇಡ. ನಾನೂ ಇಳಿಯಲ್ಲ. ನಾನು ನೋಡ್ಬೇಕು."

"ನೋಡೋಕೆ ಅಷ್ಟು ದೂರಾನಾ?"

"ನಿನ್ನ ಮುಖ ಎರಡು ವಾರದಿಂದ ಸುಟ್ಟ ಬದನೆಕಾಯಿ ಆಗಿದೆ. ನಾನು ಕೇಳಿದ್ನಾ? ಕೇಳಲಿಲ್ಲ. ನೀನೂ ಕೇಳ್ಬೇಡ," ಅಂದು ಕ್ಲಿಪ್ಪು ಬಾಯಲ್ಲಿಟ್ಟುಕೊಂಡರು. ಕ್ಲಿಪ್ಪು ಬಾಯಲ್ಲಿದ್ದರೆ ಮಾತು ಮುಗಿದ ಹಾಗೆ.

ಶುಕ್ರವಾರ ಬೆಳಗ್ಗೆ ಐದು ಜನ ಒಂದು ಗಾಡಿಯಲ್ಲಿ ತುಂಬಿಕೊಂಡು ಹೊರಟರು. ಮಾಝೋಂಡಿ ಮುಂದಿನ ಸೀಟಿನಲ್ಲಿ, ಕಾಲ ಬಳಿ ಹಬೆಯಲ್ಲಿ ಬೇಯಿಸಿದ ಬ್ರೆಡ್ಡಿನ ಡಬ್ಬಿ, ತೊಡೆಯ ಮೇಲೆ ಉದ್ದನೆಯ ಚೀಲ. ಗುಗು ಹಾಡಿದಳು. ಲಿಂದಿ ಕೂದಲು ಒದ್ದೆಯಾಗಬಾರದು ಅಂತ ಮೂರು ಟೋಪಿ ತಂದಿದ್ದಳು. ಫಲಾಖೆ ಗಾಡಿ ಓಡಿಸುತ್ತಿದ್ದ. ಹೆದ್ದಾರಿ ಬಿಟ್ಟು ಬೆಟ್ಟದ ಕಡೆ ತಿರುಗಿದ ಮೇಲೆ ಎರಡು ಕವಲು ಬಂದವು. ಯಾರನ್ನೂ ಕೇಳದೆ, ಫಲಕವನ್ನೂ ನೋಡದೆ ಅವನು ಎರಡೂ ಕಡೆ ಸರಿಯಾದ ದಾರಿಗೇ ತಿರುಗಿಸಿದ. ಹಿಂದೆ ಕೂತ ನೊಮುಸಾ ಮನಸ್ಸಿನಲ್ಲೇ ಒಂದು, ಎರಡು ಅಂತ ಎಣಿಸಿದಳು.

ಜುಲೈ ಅಂದರೆ ಅಲ್ಲಿ ಚಳಿಗಾಲ; ಬೆಟ್ಟದ ನೆತ್ತಿಯಲ್ಲಿ ಹಿಮ ಬಿದ್ದಿತ್ತು. ಲಾಡ್ಜಿನ ಬಾಗಿಲಲ್ಲಿ ಅದೇ ಸಿಹಿ ಧ್ವನಿಯ ಹುಡುಗಿ ಬೀಗದಕೈ ಹಿಡಿದು ನಿಂತಿದ್ದಳು. "ಮಿಸ್ಟರ್ ಶೆಲೆಂಬೆ, ಮತ್ತೆ ಬಂದಿದ್ದಕ್ಕೆ ತುಂಬಾ ಸಂತೋಷ!" ಅಂದಳು.

ಫಲಾಖೆ ಅವಳ ಮುಖ ನೋಡದೆ ಬೀಗದಕೈ ತೆಗೆದುಕೊಂಡ. ಲಿಂದಿ, "ಮತ್ತೆ? ಅಣ್ಣ ಯಾವಾಗ ಬಂದಿದ್ದ?" ಅಂದಳು. ಮಾಝೋಂಡಿ ಬ್ರೆಡ್ಡಿನ ಡಬ್ಬಿಯನ್ನು ಅವಳ ಕೈಗೆ ಕೊಟ್ಟು ಒಳಗೆ ಕಳಿಸಿದರು.

ಸಾಮಾನು ಇಳಿಸಿ, ಲಿಂದಿ ಬಟ್ಟೆ ಬದಲಿಸಲು ಹೋದಾಗ, ಗುಗು ಹೊರಗಿನ ಉಯ್ಯಾಲೆ ಹಿಡಿದಾಗ, ನೊಮುಸಾ ಮನೆಯ ಹಿಂದಕ್ಕೆ ನಡೆದಳು. ಇತ್ತು. ಮರದ ಮೆಟ್ಟಿಲು. ಒಂದು, ಎರಡು, ಎಂಟು ಮೆಟ್ಟಿಲು, ಅಂಚಿನಲ್ಲಿ ಹಸಿರು ಪಾಚಿ. ಕೆಳಗೆ ತೊಟ್ಟಿ, ಬೆಚ್ಚಗೆ ಹಬೆಯಾಡುತ್ತ. ಅವಳು ಅಲ್ಲಿಂದಲೇ ಕೂಗಿದಳು, "ಫಲಾಖೆ! ಬಾ ಇಲ್ಲಿ!"

ಅವನು ಬಂದ. ಮೇಲಿನ ಮೆಟ್ಟಿಲಲ್ಲೇ ನಿಂತ.

"ಪಾಚಿ ಇದೆ ನೋಡು. ನೀನು ಹೇಳಿದ ಹಾಗೇ ಇದೆ. ಯಾರವಳು?"

"ಯಾರು?"

"ನನ್ನ ಹೆಸರು ಹಾಕ್ಕೊಂಡು ಇಲ್ಲಿ ಕೂತಿದ್ದವಳು! ಹಳೇ ಗಿರಾಕಿಗೆ ಹತ್ತು ಪರ್ಸೆಂಟ್ ಕಡಿಮೆ ಮಾಡಿದ್ದಾರಪ್ಪ ನಿನ್ನ ಪುಣ್ಯದಿಂದ. ಮಿಸ್ಟರ್ ಮತ್ತು ಮಿಸೆಸ್ ಶೆಲೆಂಬೆ! ಎಷ್ಟು ಸಲ ಬಂದಿದ್ದೆ?"

"ಒಂದೇ ಸಲ," ಅಂದ ಅವನು. ಅಂದವನೇ ನಾಲಿಗೆ ಕಚ್ಚಿಕೊಂಡ.

ಅನುಮಾನ ಬೇರೆ, ಅವನ ಬಾಯಿಂದಲೇ ಕೇಳುವುದು ಬೇರೆ. ನೊಮುಸಾ ತಲೆವಸ್ತ್ರ ಬಿಗಿದು ಕಟ್ಟಿದಳು. "ಸಾಕು," ಅಂದಳು. "ಸೋಮವಾರ ನಾನೂ ಗುಗುನೂ ಅಕ್ಕನ ಮನೆಗೆ ಹೋಗ್ತೀವಿ. ರೂಮು ಸಿದ್ಧ ಇದೆ. ನಿಮ್ಮಮ್ಮನ ಬಟ್ಟೆ ನೀನೇ ಒಗಿ."

"ನೊಮುಸಾ, ನಾನು ಹೇಳೋ ಹಾಗಿಲ್ಲ. ಅದು ನನ್ನ ಗುಟ್ಟಲ್ಲ."

"ಇನ್ಯಾರದ್ದು, ಮುಳ್ಳುಹಂದಿದಾ?"

"ನಿಮ್ಮ ಮಾವಂದು," ಅಂತ ಮೇಲಿಂದ ಕೇಳಿತು.

ಮಾಝೋಂಡಿ ಬಾಗಿಲಲ್ಲಿ ನಿಂತಿದ್ದರು. ಹೆಗಲಿಗೆ ಕಂಬಳಿ, ತಲೆಗೆ ಚರ್ಚಿನ ಟೋಪಿ. ಉದ್ದನೆಯ ಚೀಲ ಬಿಚ್ಚಿತ್ತು. ಅವರ ಕೈಯಲ್ಲಿ ಎಲಚಿ ಜಾತಿಯ ಮುಳ್ಳಿನ ಕೊಂಬೆ, ಬುಡಕ್ಕೆ ಬಿಳಿ ಬಟ್ಟೆ ಸುತ್ತಿದ್ದು. ಆ ಕೊಂಬೆ ಯಾತಕ್ಕೆ ಅಂತ ಅಲ್ಲಿ ಯಾರಿಗೂ ಯಾರೂ ಹೇಳಬೇಕಾಗಿರಲಿಲ್ಲ. ಮನೆಯ ಹೊರಗೆ ಸತ್ತವರ ಆತ್ಮವನ್ನು, ಸತ್ತ ಜಾಗಕ್ಕೇ ಹೋಗಿ, ಆ ಕೊಂಬೆಗೆ ಕರೆದುಕೊಂಡು ಮನೆಗೆ ತರಬೇಕು. ತರದಿದ್ದರೆ ಅವರು ಬಿದ್ದಲ್ಲೇ ಇರುತ್ತಾರೆ.

"ಮಾ," ಅಂದ ಫಲಾಖೆ. "ಬಾಬಾನ್ನ ಆಗಲೇ ತಂದಾಗಿದೆ. ದೊಡ್ಡಪ್ಪ ಆಸ್ಪತ್ರೆಗೆ ಹೋಗಿ..."

"ಆಸ್ಪತ್ರೆಯ ಖಾಲಿ ಮಂಚದ ಹತ್ರ ಮಾತಾಡಿ ಬಂದ್ರು ನಿಮ್ಮ ದೊಡ್ಡಪ್ಪ. ನೀನು ಪಕ್ಕದಲ್ಲಿ ನಿಂತು ನೋಡಿದೆ. ಎಪ್ಪತ್ತು ಜನಕ್ಕೆ ಮೇಕೆ ಕಡಿದು ಊಟ ಹಾಕಿದ್ವಿ, ನಿಮ್ಮಪ್ಪ ಮಾತ್ರ ಬಂದೇ ಇರಲಿಲ್ಲ ಕಣೋ ನಮ್ಮನೆಗೆ!" ಮುದುಕಿ ಕಂಬಳಿಯನ್ನು ಬಿಗಿಯಾಗಿ ಹೊದ್ದುಕೊಂಡರು. "ನಿಮ್ಮಪ್ಪನ ಮೈ ತೊಳೆದವಳು ನಾನು. ಬನಿಯನ್ ಹಿಂದುಮುಂದಾಗಿತ್ತು. ನಲವತ್ತು ವರ್ಷದಲ್ಲಿ ಆ ಮನುಷ್ಯ ಒಂದು ಗುಂಡಿ ತಪ್ಪು ಹಾಕಿದ್ದಿಲ್ಲ. ಬೆರಳೆಲ್ಲ ನೀರಲ್ಲಿ ನೆಂದು ಸುಕ್ಕಾಗಿತ್ತು. ಕೂದಲಲ್ಲಿ ಈಜುಕೊಳದ ಔಷಧಿ ವಾಸನೆ. ಯಾವ ಆಸ್ಪತ್ರೆ ಮಂಚದ ಮೇಲೆ ಮನುಷ್ಯ ಹಂಗೆ ನೆನೀತಾನೆ?"

ಫಲಾಖೆ ಮೆಟ್ಟಿಲ ಮೇಲೆ ಕೂತ.

"ವರ್ಷಾ ವರ್ಷಾ ಜುಲೈಗೆ ಈ ಲಾಡ್ಜಿನೋರು ಕಾರ್ಡು ಹಾಕ್ತಾರೆ. ಅಂಚೆ ಪೆಟ್ಟಿಗೆ ಬೀಗದಕೈ ನನ್ನ ಹತ್ರ ಇರೋದು. ಮಿಸ್ಟರ್ ಮತ್ತು ಮಿಸೆಸ್ ಶೆಲೆಂಬೆ, ಮತ್ತೆ ಬನ್ನಿ ಅಂತ. ನಮ್ಮನೇಲಿ ಮಿಸೆಸ್ ಶೆಲೆಂಬೆ ಅನ್ನೋರು ಇಬ್ಬರು. ನಾನು ಬಂದಿಲ್ಲ. ಮಕೋಟಿ, ನೀನೂ ಬಂದಿಲ್ಲ. ಇವನು ಬಂದಿದ್ದು ಹೆಂಗಸಿನ ಜೊತೆ ಅಲ್ಲಮ್ಮ. ಹೆಣ ಹೊತ್ಕೊಂಡು ಹೋಗೋಕೆ ಬಂದವನು."

ನೊಮುಸಾ ತೊಟ್ಟಿಯ ಅಂಚಿಗೆ ಕೂತಳು. "ಐದು ವರ್ಷದಿಂದ ಗೊತ್ತಿತ್ತಾ ಮಾ ನಿಮಗೆ? ಯಾಕೆ ಸುಮ್ಮನಿದ್ರಿ?"

"ಇವನಾಗೇ ಹೇಳ್ತಾನೆ ಅಂತ. ಮಗ ತಾನೆ, ಇವತ್ತಲ್ಲ ನಾಳೆ ಬಾಯಿ ಬಿಡ್ತಾನೆ ಅಂತ ಕಾದೆ. ಇವನು ಕಲ್ಲು. ಈಗ ನನಗೆ ಮಂಡಿ ಹೋಯ್ತು, ಬಿಪಿ ಬಂತು. ನಾನು ಸತ್ತರೆ ಆ ಮನುಷ್ಯನ್ನ ಇಲ್ಲಿಂದ ಎಬ್ಬಿಸೋರು ಯಾರು? ಕನಸಲ್ಲಿ ದಿನಾ ಒದ್ದೆ ಮೈಯಲ್ಲಿ ಬಂದು ನಡುಗ್ತಾ ನಿಲ್ತಾನೆ." ಅವರು ಒಂದೊಂದೇ ಮೆಟ್ಟಿಲು ಇಳಿದು ಬಂದು ಕೊಂಬೆಯನ್ನು ಮಗನ ಮುಂದೆ ಹಿಡಿದರು. "ಎಲ್ಲಿ ಇಟ್ಟು ಬಂದೆ ಅಂತ ನಿನಗೆ ಗೊತ್ತು. ನೀನೇ ಕರಿ. ಎಲ್ಲಾ ಹೇಳಿ ಕರಿ. ಸುಳ್ಳು ಹೇಳಿದ್ರೆ ಬರಲ್ಲ ಅವನು."

ಫಲಾಖೆ ಕೊಂಬೆ ತೆಗೆದುಕೊಂಡ. ತೊಟ್ಟಿಯ ಕಡೆ ತಿರುಗಿದ. ಕೊಂಬೆಯ ತುದಿಯನ್ನು ನೀರಿನ ಮೇಲೆ ಹಿಡಿದ.

"ಬಾಬಾ," ಅಂದ. "ನಾನು, ಫಲಾಖೆ. ನಿಮ್ಮ ಜೊತೆ ಇಲ್ಲಿದ್ದ ಆಕೆ ನಿಮ್ಮ ಫೋನಿಂದಲೇ ನನಗೆ ಫೋನ್ ಮಾಡಿದ್ರು. ನಾನು ಬರೋ ಹೊತ್ತಿಗೆ ಆಕೆ ಇಲ್ಲಿಂದ ಹೊರಟುಹೋಗಿದ್ರು. ಯಾರೂಂತ ನನಗೆ ಇವತ್ತಿಗೂ ಗೊತ್ತಿಲ್ಲ. ನೀವು ಇಲ್ಲಿ, ಈ ಮೂಲೇಲಿ ಕೂತಿದ್ರಿ. ಎದೆ ತನಕ ನೀರು. ನೀರು ಇನ್ನೂ ಬಿಸಿ ಇತ್ತು. ನಾನು... ನಿಮ್ಮನ್ನ ಯಾವತ್ತೂ ಬಟ್ಟೆ ಇಲ್ಲದೆ ನೋಡಿರಲಿಲ್ಲ, ಬಾಬಾ. ಕ್ಷಮಿಸಿ. ಒದ್ದೆ ಮೈಗೆ ಬನಿಯನ್ ಏರ್ತಿರಲಿಲ್ಲ. ಕಾವಲುಗಾರನಿಗೆ, ಕುಡಿದು ಮಲಗಿದ್ದಾರೆ ಅಂತ ಹೇಳಿದೆ. ಅವನು ನಕ್ಕ. ನಿಮ್ಮನ್ನ ನೋಡಿ ನಕ್ಕ. ನಾನೂ ನಗಬೇಕಾಯ್ತು." ಗಂಡಸು ಬಿಕ್ಕಿ ಬಿಕ್ಕಿ ಅಳತೊಡಗಿದ. "ಚರ್ಚಲ್ಲಿ ಎಲ್ಲರೂ ನಿಮ್ಮನ್ನ ಹೆಡ್‌ಮಾಸ್ಟ್ರು, ಹೆಡ್‌ಮಾಸ್ಟ್ರು ಅಂತ ಹೊಗಳ್ತಿದ್ರು. ಮಾ ಮುಖ ನೋಡೋಕಾಗಲಿಲ್ಲ. ಅದಕ್ಕೇ ಆಸ್ಪತ್ರೆ ಅಂದೆ. ಬನ್ನಿ ಬಾಬಾ. ಮನೆಗೆ ಹೋಗೋಣ."

ನೀರು ಗುಳುಗುಳು ಅನ್ನುತ್ತಿತ್ತು. ಮಾಝೋಂಡಿ ಮುಂದೆ ಬಂದು ತೊಟ್ಟಿಯ ಮೂಲೆಯನ್ನೇ ದಿಟ್ಟಿಸಿದರು.

"ಎದ್ದೇಳು, ಶೆಲೆಂಬೆ," ಅಂದರು. "ನೆನೆದಿದ್ದು ಸಾಕು. ಅವಳು ಯಾವತ್ತೋ ಅವಳ ಮನೆ ಸೇರಿದಳು. ನಿನ್ನ ಬಟ್ಟೆ ಹಾಕ್ಕೊಂಡು ಎದ್ದು ಬಾ. ಬೈಯೋದೆಲ್ಲ ಮನೇಲಿ ಬೈತೀನಿ."

ಅಷ್ಟರಲ್ಲಿ ಲಿಂದಿ ಹಳದಿ ಈಜುಡುಗೆ ತೊಟ್ಟು, ಟೋಪಿ ಹಾಕಿಕೊಂಡು, ಫೋನ್ ಹಿಡಿದು ಮೆಟ್ಟಿಲ ಮೇಲೆ ಪ್ರತ್ಯಕ್ಷಳಾದಳು. ಕೊಂಬೆ ನೋಡಿ ನಿಂತಳು. ಮಾಝೋಂಡಿ ಎರಡು ವಾಕ್ಯದಲ್ಲಿ ವಿಷಯ ಹೇಳಿದರು. ಲಿಂದಿ ಅಲ್ಲೇ ಕೂತು, ಆ ಟೋಪಿಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಈಗಲೇ ಹೊರಡಬೇಕಾ? ಮೂರು ದಿನಕ್ಕೆ ಹಿಡಿದಿದ್ದೀವಲ್ಲ," ಅಂದಳು.

"ನಿಮ್ಮಪ್ಪ ಸತ್ತ ನೀರಲ್ಲಿ ಕೂತ್ಕೋತೀಯಾ? ಕೂತ್ಕೋ. ನಾವು ಹೋಗಿರ್ತೀವಿ."

ಹಾಗೆ, ಬಂದು ಎರಡು ಗಂಟೆಯೊಳಗೆ ಎಲ್ಲರೂ ವಾಪಸ್ ಗಾಡಿ ಹತ್ತಿದರು. ಕೊಂಬೆಗೆ ಅದರದ್ದೇ ಸೀಟು ಬೇಕು. ಗುಗು ಲಿಂದಿಯ ತೊಡೆಯೇರಿದಳು, ನಡುವೆ ಕೊಂಬೆ, ಆ ಕಡೆ ಫಲಾಖೆ. ಕೊಂಬೆ ಹಿಡಿದವನು ಮನೆ ಮುಟ್ಟುವ ತನಕ ಬೇರೆ ಯಾರ ಜೊತೆಯೂ ಮಾತಾಡುವ ಹಾಗಿಲ್ಲ. ಸತ್ತವರಿಗೆ ಮಾತ್ರ ದಾರಿ ಹೇಳುತ್ತಿರಬೇಕು. ಸ್ಟೀರಿಂಗ್ ಹಿಡಿದದ್ದು ನೊಮುಸಾ.

"ಬಾಬಾ, ಬುಷ್‌ಮನ್ಸ್ ನದಿ ಬಂತು. ದಾಟ್ತಿದ್ದೀವಿ," ಅಂದ ಫಲಾಖೆ.

ನೊಮುಸಾಳ ಎದೆ ಹಗುರಾಗಬೇಕಿತ್ತು. ಆಗಲಿಲ್ಲ. ಹೆಂಗಸು ಇರಲಿಲ್ಲ, ಸರಿ. ಆದರೆ ಐದು ವರ್ಷ! ಒಂದೇ ಮೇಜು, ಒಂದೇ ಹಾಸಿಗೆ. ಬರದೇ ಇದ್ದ ಮಾವನಿಗೆ ಅಂತ ಅವಳು ಎರಡು ದಿನ ನಿಂತು ಅಡುಗೆ ಮಾಡಿದಾಗ, ಈ ಮನುಷ್ಯ ಅದನ್ನು ಬಡಿಸಿಕೊಂಡು ಉಂಡ. ಎರಡನೇ ಸಲವೂ ಹಾಕಿಸಿಕೊಂಡ. ದಿನಕ್ಕೆ ನೂರು ಸುಳ್ಳು ಹಿಡಿಯುವವಳು ತಾನು, ಪಕ್ಕದಲ್ಲಿ ಮಲಗಿದ್ದವನ ಸುಳ್ಳು ಕಾಣಲಿಲ್ಲ. ಬಾಯಿ ತುಂಬ ಬೈಗುಳ ಇತ್ತು, ಬೈದರೆ ಅವನು ಉತ್ತರ ಕೊಡುವ ಹಾಗಿಲ್ಲ.

ಮೋಯಿ ನದಿ ದಾಟಿತು. ಹಿಂದಿನಿಂದ ಮತ್ತೆ ಧ್ವನಿ ಬಂತು. "ಬಾಬಾ, ಗಾಡಿ ಓಡಿಸ್ತಿರೋಳು ನಿಮ್ಮ ಸೊಸೆ ನೊಮುಸಾ. ಅವಳಿಗೂ ಹೇಳಲಿಲ್ಲ ನಾನು. ಹೇಳಿದ್ರೆ ನಿಮ್ಮನ್ನ ನೋಡೋ ಕಣ್ಣಲ್ಲೇ ನನ್ನನ್ನೂ ನೋಡ್ತಾಳೆ ಅಂತ ಹೆದರಿದೆ."

ಲಿಂದಿ ಬೆಚ್ಚಿ ತಾಯಿಯ ಕಡೆ ನೋಡಿದಳು. ಮಾಝೋಂಡಿ ಮುಂದೆ ನೋಡುತ್ತಲೇ, "ಅವನು ಅವರಪ್ಪನ ಹತ್ರ ಮಾತಾಡ್ತಿದ್ದಾನೆ. ನಿನಗೇನು?" ಅಂದರು.

ನೊಮುಸಾ ಕನ್ನಡಿ ಸರಿ ಮಾಡಿಕೊಂಡಳು. ಮಾವ ಬದುಕಿದ್ದಾಗ ಅವಳು ಅವರೆದುರು ತಲೆ ಎತ್ತಿ ಮಾತಾಡಿದವಳಲ್ಲ. ಈಗ ಕನ್ನಡಿಯಲ್ಲಿ ಕೊಂಬೆಯನ್ನು ನೆಟ್ಟಗೆ ನೋಡಿ ಹೇಳಿದಳು.

"ಬಾಬಾ, ನಿಮ್ಮ ಮಗನಿಗೆ ಹೇಳಿ. ಅವನಿಗೆ ಸುಳ್ಳು ಇಷ್ಟು ಚೆನ್ನಾಗಿ ಬರತ್ತೆ ಅಂತ ನನಗೆ ಗೊತ್ತಿರಲಿಲ್ಲ. ಇನ್ಮೇಲೆ ಅವನು ಹಾಲು ತಂದಿಟ್ಟಿದ್ದೀನಿ ಅಂದ್ರೂ ನಾನು ಫ್ರಿಜ್ ತೆಗೆದು ನೋಡ್ತೀನಿ. ದಿನಾ ನೋಡ್ತೀನಿ."

ಹಿಂದೆ ಅವನು ಕೊಂಬೆಯನ್ನು ಹತ್ತಿರಕ್ಕೆ ಎಳೆದುಕೊಂಡ.

"ಬಾಬಾ, ನೋಡಲಿ ಅಂತ ಹೇಳಿ," ಅಂದ ಫಲಾಖೆ. "ಜೇಬೂ ನೋಡಲಿ, ಫೋನೂ ನೋಡಲಿ. ನಮ್ಮ ಮನೇಲೇ ಇದ್ದು ನೋಡಲಿ."

ಗುಗು ನಿದ್ದೆ ಹೋಗಿದ್ದಳು. ಉಮ್ಗೇನಿ ನದಿ ದಾಟಿ, ಇಳಿಜಾರಿನಲ್ಲಿ ಊರು ಕಾಣಿಸಿತು. ಹೆದ್ದಾರಿ ನೇರ ಡರ್ಬನ್ನಿಗೆ ಹೋಗುತ್ತದೆ. ಎಡೆಂಡೇಲಿಗೆ ಬದಿಗೆ ಇಳಿಯಬೇಕು. ತಿರುವು ಹತ್ತಿರ ಬಂದರೂ ಅಪ್ಪನಿಗೆ ದಾರಿ ಹೇಳಲು ಫಲಾಖೆಗೆ ಬಾಯಿ ಬರಲಿಲ್ಲ, ಕೊಂಬೆ ಹಿಡಿದು ಅವಳ ಕೈಯನ್ನೇ ನೋಡುತ್ತ ಕೂತಿದ್ದ.

ನೊಮುಸಾ ಗಾಡಿ ನಿಧಾನ ಮಾಡಿದಳು. ತಿರುವಿನ ದೀಪ ಹಾಕಿದಳು.

"ಬಾಬಾ," ಅಂದಳು, "ಮನೆ ಕಡೆ ತಿರುಗ್ತಿದ್ದೀವಿ. ಗಟ್ಟಿಯಾಗಿ ಹಿಡ್ಕೊಳ್ಳಿ."